ಚೂರು ಜೋಡಿಸುವ ಆಟದ ಪರವಾಗಿ ಎರಡು ಮಾತು

ಈ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಸಣ್ಣ ವಿವಾದ ಹುಟ್ಟಿತು. ವಿಷಯ ದೊಡ್ಡದೇನೂ ಅಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರ್ ಲ್ಯಾಬಿನ ಮೂಲೆಯ ಯಂತ್ರವೊಂದರ ಮುಂದೆ ನಾವು ನಾಲ್ಕೈದು ಮಂದಿ ಕುಳಿತು, ಚೂರುಚೂರಾದ ಚಿತ್ರವೊಂದನ್ನು ಜೋಡಿಸುತ್ತಿದ್ದೆವು. ಆ ದಾರಿಯಾಗಿ ಬಂದ ಹಿರಿಯ ಅಧ್ಯಾಪಕರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, “ಡಿಗ್ರಿ ಓದುವವರು ಶಿಶುವಿಹಾರದ ಆಟ ಆಡುತ್ತೀರಲ್ಲಯ್ಯ!” ಎಂದು ನಕ್ಕು ಮುಂದೆ ಹೋದರು. ಅವರ ನಗೆಯಲ್ಲಿ ಕೋಪವಿರಲಿಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಲ್ಯಾಬಿನಲ್ಲಿ ಆಟ ಬೇಕೆ ಬೇಡವೆ ಎಂದು ವಿದ್ಯಾರ್ಥಿಗಳಲ್ಲಿಯೇ ಎರಡು ಪಕ್ಷಗಳಾದುವು. ಆಟವನ್ನು ಯಂತ್ರದಿಂದ ತೆಗೆದುಹಾಕಬೇಕೆಂದು ಕೆಲವರು ಹೇಳಿದರು. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ತಡವಾಗಿಯಾದರೂ ಆ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಗುರುಹಿರಿಯರ ಮುಂದೆಯೂ ಸಹಪಾಠಿಗಳ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಏಕೆಂದರೆ ಇದು ಎಲ್ಲರೂ ಮೊಬೈಲಿನಲ್ಲಿ ಕಂಡ ಚಿತ್ರಜೋಡಣೆಯಂತಲ್ಲ. ಅದರ ಹೆಸರು ಪಲಪೆಲಿ. ಫಿನ್‌ಲೆಂಡ್ ದೇಶದ ಭಾಷೆಯಲ್ಲಿ ಈ ಮಾತಿಗೆ ಚಿತ್ರಜೋಡಣೆಯ ಆಟವೆಂದೇ ಅರ್ಥ. ಲಿನಕ್ಸ್ ಹಾಕಿದ ಕಂಪ್ಯೂಟರುಗಳಿಗೆ ಇದು ಬಿಟ್ಟಿಯಾಗಿ ದೊರೆಯುತ್ತದೆ. ಮೊಬೈಲಿನ ಆಟದಲ್ಲಿ ಸಾಮಾನ್ಯವಾಗಿ ಒಂದು ಚೌಕಟ್ಟು ಮೊದಲೇ ಬರೆದಿರುತ್ತದೆ. ತುಂಡನ್ನು ಅದರ ಮನೆಯ ಹತ್ತಿರಕ್ಕೆ ಒಯ್ದರೆ ಸಾಕು, ತಾನಾಗಿಯೇ ಹೋಗಿ ಕೂರುತ್ತದೆ. ಎಡವಿದರೆ ಸುಳಿವು ಕೊಡಲು ಒಂದು ಗುಂಡಿಯೂ ಇರುತ್ತದೆ. ಪಲಪೆಲಿಯಲ್ಲಿ ಚೌಕಟ್ಟಿಲ್ಲ, ಮನೆಯೂ ಇಲ್ಲ. ವಿಶಾಲವಾದೊಂದು ಮೇಜಿನ ಮೇಲೆ ಮುನ್ನೂರು ತುಂಡುಗಳನ್ನು ಸುರಿದು ಆಟ ಸುಮ್ಮನಾಗಿಬಿಡುತ್ತದೆ. ಯಾವ ತುಂಡನ್ನಾದರೂ ಎಲ್ಲಿಗಾದರೂ ಎಳೆಯಬಹುದು. ಒಂದರ ನಿಜವಾದ ನೆರೆಯ ತುಂಡು ಅದರ ಪಕ್ಕಕ್ಕೆ ಬಂದಾಗ ಮಾತ್ರ ಎರಡೂ ಅಂಟಿಕೊಂಡು, ಆಮೇಲೆ ಜೊತೆಯಾಗಿ ಚಲಿಸುತ್ತವೆ. ಹೀಗೆ ಎರಡು ನಾಲ್ಕಾಗಿ, ನಾಲ್ಕು ಹತ್ತಾಗಿ, ಮೇಜಿನ ಮೇಲೆ ಅಲ್ಲೊಂದು ಇಲ್ಲೊಂದು ನಡುಗಡ್ಡೆಗಳು ಏಳುತ್ತವೆ. ಆ ನಡುಗಡ್ಡೆಗಳಿಗೆ ಸಂಬಂಧವೇನೆಂಬುದು ಬಹಳ ಹೊತ್ತಿನವರೆಗೆ ತಿಳಿಯುವುದಿಲ್ಲ. ಇಡೀ ಚಿತ್ರವನ್ನು ತೋರಿಸುವ ಸಣ್ಣ ಕಿಟಕಿಯೊಂದು ಉಂಟು, ಬೇಡವೆಂದರೆ ಮುಚ್ಚಿಡಬಹುದು. ನಾವು ಮುಚ್ಚಿಟ್ಟೇ ಆಡಿದೆವು.

ಇದರ ಇನ್ನೊಂದು ಗುಣವೆಂದರೆ, ನಮ್ಮಲ್ಲಿರುವ ಯಾವ ಚಿತ್ರವನ್ನಾದರೂ ಕೊಟ್ಟು, ಎಷ್ಟು ತುಂಡಾಗಬೇಕೆಂದು ಹೇಳಿದರೆ ಅದನ್ನು ಕತ್ತರಿಸಿ ಮುಂದಿಡುತ್ತದೆ. ಎಳೆದಿಟ್ಟದ್ದು ಇಟ್ಟಂತೆಯೇ ಉಳಿಯುತ್ತದೆ. ಯಂತ್ರವನ್ನು ಮುಚ್ಚಿ ಮನೆಗೆ ಹೋಗಿ ಮರುದಿನ ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಬಸ್ಸಿನ ವೇಳೆಗೆ ತಕ್ಕಂತೆ ಓದುವ ನಮ್ಮಂಥವರಿಗೆ ಈ ಗುಣ ಬಹಳ ಹಿತವಾಯಿತು.

ಆಟ ಬೇಡವೆನ್ನುವವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರಲ್ಲಿ ಒಂದಂತೂ ಬಲವಾದದ್ದು. ಲ್ಯಾಬಿನಲ್ಲಿರುವ ಯಂತ್ರಗಳು ಕೆಲವೇ. ಕೆ.ಆರ್. ಪೇಟೆಯ ಕಡೆಯಿಂದಲೋ ನಾಗಮಂಗಲದ ಕಡೆಯಿಂದಲೋ ಮುಂಜಾನೆಯ ಬಸ್ಸು ಹಿಡಿದು ಬಂದ ವಿದ್ಯಾರ್ಥಿ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸರದಿಯಲ್ಲಿ ನಿಂತಿರುವಾಗ, ನಾವು ಆಕಾಶದ ತುಂಡಿಗಾಗಿ ಹುಡುಕಾಡುತ್ತ ಕುಳಿತರೆ ಅದು ತಪ್ಪು. ಹಾಗೊಮ್ಮೆ ಆದದ್ದೂ ಉಂಟು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಬಹಳ ಹೊತ್ತು ಕಾದು, ಏನೂ ಹೇಳದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಮರುದಿನ ನಾವು ಅವಳ ಕ್ಷಮೆ ಕೇಳಿದೆವು. ಅರ್ಜಿಗೆ ಇನ್ನೂ ದಿನವಿತ್ತೆಂಬುದು ನಮ್ಮ ಪುಣ್ಯ. ಅಂದಿನಿಂದ ಯಾರಾದರೂ ಹಿಂದೆ ಬಂದು ನಿಂತರೆ ಎದ್ದುಬಿಡುವುದು ನಮ್ಮ ನಿಯಮವಾಗಿದೆ. ಆದರೆ ಇದು ಯಂತ್ರಗಳ ಕೊರತೆಯ ಮಾತು. ಆಟದ ಗುಣದೋಷದ ಮಾತಲ್ಲ.

ಇದು ಎಳೆಯರ ಆಟವೆಂಬ ವಾದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. ಲಂಡನ್ನಿನಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವ ಕಸಬುದಾರನು 1760ರ ದಶಕದಲ್ಲಿ ಭೂಪಟಗಳನ್ನು ತೆಳುವಾದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಗರಗಸದಿಂದ ಕೊಯ್ದು, ಭೂಗೋಳ ಕಲಿಯುವ ಮಕ್ಕಳಿಗಾಗಿ ಮಾರಿದನು. ಇಂಥ ಆಟ ಪ್ರಸಿದ್ಧಿಗೆ ಬಂದದ್ದು ಹಾಗೆ. ಎಂದರೆ ಅದು ಹುಟ್ಟಿದ್ದೇ ಪಾಠದ ಸಾಧನವಾಗಿ. ಹೈದರಾಲಿಯು ಶ್ರೀರಂಗಪಟ್ಟಣದಲ್ಲಿ ಅಧಿಕಾರ ಹಿಡಿದದ್ದೂ ಅದೇ ದಶಕದಲ್ಲಿ, 1761ರಲ್ಲಿ. ಮುಂದೆ 1792ರಲ್ಲಿ ಅದೇ ಶ್ರೀರಂಗಪಟ್ಟಣದಲ್ಲಿ ಆದ ಒಪ್ಪಂದದಂತೆ ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನು ಕಂಪನಿಯವರೂ ನಿಜಾಮನೂ ಮರಾಠರೂ ಹಂಚಿಕೊಂಡರು. 1799ರ ಮೇ 4ರಂದು ಅವನು ಮಡಿದ ಮೇಲೆ ಉಳಿದದ್ದೂ ಮತ್ತೆ ತುಂಡಾಯಿತು. ಸ್ಪಿಲ್ಸ್‌ಬರಿಯ ಗರಗಸ ಹಲಗೆಯ ಮೇಲೆ ಮಾಡಿದ್ದನ್ನು ಆ ಕಾಲದ ಕತ್ತಿ ನಮ್ಮ ನೆಲದ ಮೇಲೆ ಮಾಡಿತು. ಕನ್ನಡ ನಾಡಿನ ಹಲವು ತುಂಡುಗಳು ಒಂದಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಕಾಸರಗೋಡಿನಂಥ ತುಂಡು ಆಗಲೂ ಹೊರಗುಳಿಯಿತು. ಈ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ತುಂಡು ಜೋಡಿಸುವ ಆಟ ಕೀಳೆಂದು ನನಗೆ ತೋರುವುದಿಲ್ಲ.

ಇರಲಿ. ಆಟದಿಂದ ನಾವು ಕಲಿತದ್ದೇನೆಂಬುದು ಮುಖ್ಯವಾದ ಪ್ರಶ್ನೆ. ಮೊದಮೊದಲು ನಾವು ಕಾಲ ಕಳೆಯುವುದಕ್ಕೇ ಆಡಿದೆವು. ಯಂತ್ರದಲ್ಲಿದ್ದ ಹೂವು, ಬೆಟ್ಟ, ಹಡಗುಗಳ ಚಿತ್ರ ಮುಗಿದು ಬೇಸರ ಬಂದಾಗ ಗೆಳೆಯನೊಬ್ಬನು, ‘ನಮ್ಮೂರಿನ ಚಿತ್ರವನ್ನೇ ಏಕೆ ಹಾಕಬಾರದು?’ ಎಂದನು. ಅವನು ಹೊಸಹೊಳಲಿನವನು. ಕೆ.ಆರ್. ಪೇಟೆಗೆ ಹತ್ತಿರದ ಆ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊಯ್ಸಳ ವೀರ ಸೋಮೇಶ್ವರನ ಕಾಲದ ತ್ರಿಕೂಟ ಗುಡಿ ಅದು. ಅದರ ಹೊರಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಗಳಾಗಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸಗಳನ್ನು ಕೊರೆದಿದ್ದಾರೆ. ಗೆಳೆಯ ಆ ಪಟ್ಟಿಗಳ ಫೋಟೋ ತೆಗೆದು ತಂದನು. ಮುನ್ನೂರು ತುಂಡು ಮಾಡಿದೆವು.

ನಾವು ಸೋತದ್ದು ಆನೆಗಳ ಮುಂದೆ. ದೂರದಿಂದ ನೋಡಿದರೆ ಎಲ್ಲ ಆನೆಗಳೂ ಒಂದೇ. ಒಂದರ ಸೊಂಡಿಲು ಇನ್ನೊಂದರ ಮುಖಕ್ಕೆ ಹೊಂದುವಂತೆ ಕಾಣುತ್ತದೆ. ಪಕ್ಕಕ್ಕೆ ತಂದರೆ ಅಂಟುವುದಿಲ್ಲ. ಎರಡು ದಿನ ಹೀಗೆ ಕಳೆದ ಮೇಲೆ ನಮಗೆ ಕಣ್ಣು ಬಂದಿತು. ಒಂದು ಆನೆ ಕಾಲೆತ್ತಿದೆ, ಇನ್ನೊಂದು ಇಟ್ಟಿದೆ. ಒಂದರ ಕೊರಳಿನ ಗಂಟೆಯ ಹಗ್ಗ ಒಂದೆಳೆ, ಇನ್ನೊಂದರದು ಎರಡೆಳೆ. ಒಂದರ ಸೊಂಡಿಲು ಒಳಕ್ಕೆ ಸುರುಳಿ, ಇನ್ನೊಂದರದು ಮುಂದಿನ ಆನೆಯ ಬಾಲದ ಕಡೆಗೆ ಚಾಚಿದೆ. ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕಂಡ ಸಾಲಿನಲ್ಲಿ ಒಂದೊಂದೂ ಬೇರೆ ಬೇರೆ ಕೈ ಮುಟ್ಟಿ ಆದದ್ದು. ಆ ಗುಡಿಯ ಅಂಗಳದಲ್ಲಿ ಆಡಿ ಬೆಳೆದ ಗೆಳೆಯನು, “ಇಪ್ಪತ್ತು ವರ್ಷ ಕಂಡದ್ದನ್ನು ಈಗ ನೋಡಿದೆ” ಎಂದನು. ನಾಗಮಂಗಲದ ಗೆಳತಿ ಸೌಮ್ಯಕೇಶವ ದೇವಾಲಯದ ಎತ್ತರದ ಗೋಪುರದ ಫೋಟೋ ತಂದಾಗ ಪಾಠ ಬೇರೆಯಾಯಿತು. ಅಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಅದೇ ವಿನ್ಯಾಸ, ಅಳತೆ ಮಾತ್ರ ಕಿರಿದಾಗುತ್ತ ಹೋಗುತ್ತದೆ. ತುಂಡಿನ ಮೇಲಿರುವ ಕಂಬದ ಗಾತ್ರವನ್ನು ಕಣ್ಣಳತೆಯಲ್ಲಿ ಹಿಡಿಯದಿದ್ದರೆ ಮೇಲಿನದಾವುದು, ಕೆಳಗಿನದಾವುದು ಎಂಬುದು ತಿಳಿಯದು.

ಇಲ್ಲಿ ನಮ್ಮ ಓದಿನ ರೀತಿಯನ್ನು ಕುರಿತು ಒಂದು ಮಾತು ಹೇಳಲು ಅಪ್ಪಣೆಯಾಗಬೇಕು. ಪರೀಕ್ಷೆಗೆ ನಾವು ಓದುವುದು ಬಹುಮಟ್ಟಿಗೆ ಸುಳಿವಿನ ಗುಂಡಿ ಇರುವ ಆಟದಂತೆ. ಗೈಡು ಚೌಕಟ್ಟನ್ನು ಮೊದಲೇ ಬರೆದುಕೊಟ್ಟಿರುತ್ತದೆ. ಯಾವ ಪ್ರಶ್ನೆಗೆ ಯಾವ ಉತ್ತರವೆಂಬ ಮನೆಗಳು ಸಿದ್ಧವಾಗಿರುತ್ತವೆ. ತುಂಡನ್ನು ಹತ್ತಿರಕ್ಕೆ ಒಯ್ದರೆ ತಾನೇ ಕೂರುತ್ತದೆ. ಹೀಗೆ ಮೂರು ವರ್ಷದಲ್ಲಿ ಪದವಿ ಪಡೆಯಬಹುದು. ಆದರೆ ‘ನನಗೆ ಇನ್ನೂ ತಿಳಿದಿಲ್ಲ’ ಎಂಬ ಸ್ಥಿತಿಯಲ್ಲಿ ಎರಡು ದಿನ ಸಮಾಧಾನದಿಂದ ಇರುವುದನ್ನು ಕಲಿಯುವುದಿಲ್ಲ. ಪಲಪೆಲಿಯಲ್ಲಿ ಅರ್ಧ ಕಾಲ ಕಳೆಯುವುದೇ ಆ ಸ್ಥಿತಿಯಲ್ಲಿ. ಹೊಂದದ ತುಂಡು ಹೊಂದಲಿಲ್ಲವೆಂದು ಅದನ್ನು ಎಸೆಯುವಂತಿಲ್ಲ, ಬಲವಂತದಿಂದ ತುರುಕುವಂತೆಯೂ ಇಲ್ಲ; ಮೇಜಿನ ಬದಿಯಲ್ಲಿಟ್ಟು, ನೆನಪಿನಲ್ಲಿಟ್ಟುಕೊಂಡು, ಕಾಯಬೇಕು. ಚರಿತ್ರೆಯ ಸಂಶೋಧಕನೂ ಶಾಸನ ಓದುವವನೂ ಮಾಡುವ ಕೆಲಸ ಇದೇ ಅಲ್ಲವೆ?

ಆದರೆ ನಾನು ಈ ಲೇಖನ ಬರೆಯಲು ಹೊರಟದ್ದು ಇಷ್ಟನ್ನೇ ಹೇಳುವುದಕ್ಕಲ್ಲ. ಆಟವು ನನಗೆ ಕಲಿಸಿದ ಹೆಚ್ಚಿನ ಪಾಠವನ್ನು ಕಂಪ್ಯೂಟರನ್ನು ಎಂದೂ ಮುಟ್ಟದವರೊಬ್ಬರಿಂದ ಕಲಿತೆ.

ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಪ್ರಾರಂಭವಾಯಿತು. ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು; ಹೊಯ್ಸಳರ ಕಾಲದ ಈ ಗುಡಿಯೂ ಮುಳುಗಿತು. ಮಳೆ ಕೈಕೊಟ್ಟು ನೀರು ಬಹಳ ಇಳಿದ ವರ್ಷಗಳಲ್ಲಿ ಮಾತ್ರ ಅದು ಮೈತೋರುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಹಿನ್ನೀರಿನ ದಡದ ಎತ್ತರದ ಜಾಗಕ್ಕೆ ತಂದು ಮತ್ತೆ ಜೋಡಿಸಿದರು. ನಮ್ಮ ಸುತ್ತಮುತ್ತ ನಡೆದ ಚಿತ್ರಜೋಡಣೆಗಳಲ್ಲೆಲ್ಲ ಇದೇ ದೊಡ್ಡದು. ಶ್ರೀರಂಗಪಟ್ಟಣದಲ್ಲಿ ಇದಕ್ಕೆ ವಿರುದ್ಧವಾದ ರೀತಿಯ ಕೆಲಸವೂ ನಡೆಯಿತು. 2017ರಲ್ಲಿ ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಒಂದು ಕಲ್ಲೂ ಬಿಚ್ಚದೆ, ಇಡಿಯಾಗಿ ಎತ್ತಿ, ನೂರಕ್ಕೂ ಹೆಚ್ಚು ಮೀಟರು ಸರಿಸಿದರು. ಇಡಿಯಾಗಿ ಸರಿಸಿದಾಗ ಯಾವುದರ ಪಕ್ಕ ಯಾವುದು ಎಂಬ ಪ್ರಶ್ನೆ ಏಳುವುದಿಲ್ಲ. ಬಿಚ್ಚಬೇಕಾದಾಗ, ಬಿಚ್ಚುವ ಮೊದಲೇ ಸಂಖ್ಯೆ ಹಾಕಬೇಕು.

ನನ್ನ ಅಜ್ಜಿಯ ತಾಯಿ ಹಳೆಯ ಕನ್ನಂಬಾಡಿಯಲ್ಲಿ ಹುಟ್ಟಿದವರು. ದಸರಾ ರಜೆಯಲ್ಲಿ ನಾನು ಸೀನಿಯರ್ ಒಬ್ಬರ ಲ್ಯಾಪ್‌ಟಾಪನ್ನು ಕೇಳಿ ಪಡೆದು ಊರಿಗೆ ಒಯ್ದೆ. ಹೊಸ ಗುಡಿಯ ಫೋಟೋ ಒಂದನ್ನು ಗೆಳೆಯರು ಮುನ್ನೂರು ತುಂಡು ಮಾಡಿ ಕೊಟ್ಟಿದ್ದರು. ಇಡೀ ಚಿತ್ರವನ್ನು ನಾನು ಕಂಡಿರಲಿಲ್ಲ. ಜಗಲಿಯ ಮೇಲೆ ಕುಳಿತು ಆಡುತ್ತಿದ್ದೆ. ಗೋಡೆ, ಕಂಬ, ಕಳಶ ಎಲ್ಲ ಕೂಡಿದುವು. ಬೂದು ಬಣ್ಣದ ಅರುವತ್ತು ಎಪ್ಪತ್ತು ತುಂಡುಗಳು ಉಳಿದುವು. ಮೋಡದ ದಿನ ತೆಗೆದ ಚಿತ್ರ. ಇವು ಆಕಾಶವೆಂದು ನಿಶ್ಚಯಿಸಿ ಕಳಶದ ಮೇಲೆ ಅವನ್ನು ಜೋಡಿಸಲು ಸಂಜೆಯವರೆಗೆ ಹೆಣಗಿದೆ. ಕೆಲವು ಕೂಡಿದುವು, ಹೆಚ್ಚಿನವು ಯಾವುದಕ್ಕೂ ಕೂಡಲಿಲ್ಲ.

ಅಜ್ಜಿ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲಿ ಕುಳಿತಿದ್ದರು. ಏನು ಮಾಡುತ್ತಿದ್ದೇನೆಂದು ಕೇಳಿದರು, ಹೇಳಿದೆ. ಕಣ್ಣಿಗೆ ಕೈ ಅಡ್ಡಹಿಡಿದು ಸ್ವಲ್ಪ ಹೊತ್ತು ನೋಡಿ, “ಅದು ಮೋಡ ಅಲ್ಲ ಕಣ್ಮಗ, ನೀರು. ಗುಡಿ ಪಕ್ಕದಾಗೆ ನೀರಿಲ್ದೆ ಇರ್ತದಾ?” ಎಂದರು.

ಆ ತುಂಡುಗಳನ್ನು ಗುಡಿಯ ಕೆಳಗೆ ತಂದೆ. ಒಂದು ಅಂಟಿತು, ಅದರ ಪಕ್ಕಕ್ಕೆ ಇನ್ನೊಂದು. ಅರ್ಧ ಗಂಟೆಯಲ್ಲಿ ಹಿನ್ನೀರು ಹರಡಿಕೊಂಡಿತು. ಅಜ್ಜಿ ಆ ಫೋಟೋವನ್ನು ನೋಡಿರಲಿಲ್ಲ. ಆದರೆ ಅವರು ಹುಡುಗಿಯಾಗಿದ್ದಾಗ ಬರಗಾಲದ ವರ್ಷವೊಂದರಲ್ಲಿ ನೀರು ಇಳಿದು ಹಳೆಯ ಗುಡಿ ಕಂಡಾಗ, ತಾಯಿಯ ಕೈ ಹಿಡಿದು ಕೆಸರಿನಲ್ಲಿ ನಡೆದು ಹೋಗಿ ನೋಡಿ ಬಂದಿದ್ದರು. ಅವರ ಮನಸ್ಸಿನಲ್ಲಿ ಗುಡಿಯೆಂದರೆ ನೀರಿನ ಜೊತೆಗೇ ಇದ್ದ ಗುಡಿ. ನನ್ನ ಬಳಿ ತುಂಡುಗಳಿದ್ದುವು; ಅವರ ಬಳಿ ಇಡೀ ಚಿತ್ರವಿತ್ತು.

ಉತ್ಸಾಹದಿಂದ ನಾನು ಪ್ರಶ್ನೆಗಳನ್ನು ಹೂಡಿದೆ. ಹಳೆಯ ಊರಿನಲ್ಲಿ ನಮ್ಮ ಮನೆ ಯಾವ ಬೀದಿಯಲ್ಲಿತ್ತು? ಗುಡಿಗೆ ಎಷ್ಟು ದೂರ? ಪಕ್ಕದ ಮನೆಯವರು ಯಾರು, ನೀರು ಬಂದ ಮೇಲೆ ಅವರು ಎಲ್ಲಿಗೆ ಹೋದರು? ಒಂದೆರಡಕ್ಕೆ ಉತ್ತರ ಬಂತು. ಉಳಿದುವಕ್ಕೆ ಅಜ್ಜಿ ಬಹಳ ಹೊತ್ತು ಯೋಚಿಸಿ, “ನಮ್ಮವ್ವನ್ನ ಕೇಳ್ಬೇಕಿತ್ತು” ಎಂದು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಆಟದಲ್ಲಿ ತುಂಡು ಕಳೆದುಹೋಗುವುದಿಲ್ಲ. ಮುನ್ನೂರು ಸುರಿದರೆ ಮುನ್ನೂರೂ ಎಲ್ಲೋ ಇದ್ದೇ ಇರುತ್ತವೆ. ಹುಡುಕಿದರೆ ಸಿಕ್ಕೇ ಸಿಕ್ಕುತ್ತವೆ. ಆಟದ ಸುಖವೂ ಇದೇ, ಅದರ ಸುಳ್ಳೂ ಇದೇ. ಪರದೆಯ ಹೊರಗೆ ಹಾಗಿಲ್ಲ. ಅಜ್ಜಿಯ ತಾಯಿಯೊಡನೆ ಒಂದು ಬೀದಿಯೇ ಹೋಯಿತು. ಅಜ್ಜಿಗೆ ಈಗ ಎಂಬತ್ತು ದಾಟಿದೆ.

ನಾವು ಜೋಡಿಸಿದ ಇನ್ನೊಂದು ಚಿತ್ರದ ಕಥೆಯೂ ಇದನ್ನೇ ಹೇಳುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಕಟ್ಟಿದ್ದು. ಅದರ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ: ಸಾಲು ಸಾಲು ಕುದುರೆ ಸವಾರರು, ನಡುವೆ ಸಿಕ್ಕಿಬಿದ್ದ ಇಂಗ್ಲಿಷ್ ಸೈನ್ಯ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ. ಪುಸ್ತಕವೊಂದರಲ್ಲಿ ಅಚ್ಚಾದ ಅದರ ಪ್ರತಿಯನ್ನು ತುಂಡು ಮಾಡಿ ಆಡಿದಾಗ ಕುದುರೆಗಳು ಹೊಸಹೊಳಲಿನ ಆನೆಗಳಿಗಿಂತ ಹೆಚ್ಚು ಕಾಡಿದುವು. ಮುಗಿದ ಮೇಲೆ ಚರಿತ್ರೆಯ ಅಧ್ಯಾಪಕರು ಒಂದು ಸಂಗತಿ ತಿಳಿಸಿದರು. ಈಗ ನಾವು ಕಾಣುವುದು ಟಿಪ್ಪುವಿನ ಕಾಲದ ಕುಂಚದ ಕೆಲಸ ಹಾಗೆಯೇ ಉಳಿದುಬಂದದ್ದಲ್ಲ. ಆ ಚಿತ್ರ ಬಹಳ ಮಟ್ಟಿಗೆ ಅಳಿಸಿಹೋಗಿತ್ತು. 19ನೆಯ ಶತಮಾನದ ನಡುಭಾಗದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಅದನ್ನು ಮತ್ತೆ ಬರೆಸಲು ಅಪ್ಪಣೆಯಾಯಿತು. ಮೂಲಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ನಮ್ಮ ನಾಡಿನ ಚಿತ್ರಗಾರನೊಬ್ಬನು ಅದನ್ನು ಬರೆದುಕೊಟ್ಟನು. ಆ ಒಬ್ಬನ ನೆನಪು ಉಳಿಯದಿದ್ದರೆ ಗೋಡೆ ಉಳಿದೂ ಚಿತ್ರ ಉಳಿಯುತ್ತಿರಲಿಲ್ಲ. ಅವನು ಬದುಕಿದ್ದಾಗಲೇ ಕೇಳಿದ್ದರಿಂದ ಕೆಲಸವಾಯಿತು.

ನಾನು ಹೇಳಬೇಕಾದದ್ದು ಇಷ್ಟೇ. ನಮ್ಮ ಕಾಲೇಜಿಗೆ ಬರುವ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ನಾಳೆ ಬೆಂಗಳೂರಿಗೋ ಮೈಸೂರಿಗೋ ಇನ್ನೆಲ್ಲಿಗೋ ಚದುರಿ ಹೋಗುವವರು. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅನ್ನ ಇರುವಲ್ಲಿಗೆ ಮನುಷ್ಯ ಹೋಗಬೇಕು. ಆದರೆ ಬಿಚ್ಚುವ ಮೊದಲು ಕಲ್ಲಿಗೆ ಸಂಖ್ಯೆ ಹಾಕಿದ ಆ ಕೆಲಸಗಾರರ ಬುದ್ಧಿ ನಮಗೂ ಬರಬೇಕು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂದೂ, ಕೆ.ಆರ್. ಪೇಟೆಗೆ ಅತ್ತಿಕುಪ್ಪೆಯೆಂದೂ ಹೆಸರಿದ್ದದ್ದು ಪುಸ್ತಕದಲ್ಲಿ ಸಿಕ್ಕುತ್ತದೆ. ನಮ್ಮ ಊರಿನ ಕೆರೆಯ ಕೋಡಿಗೆ, ಹೊಲದ ಮೂಲೆಗೆ, ಬಿದ್ದುಹೋದ ಮಂಟಪಕ್ಕೆ ಇದ್ದ ಹೆಸರು ಯಾವ ಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ. ಅದು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತವರಲ್ಲಿದೆ. ಅವರನ್ನು ಕೇಳುವ ವಯಸ್ಸು ನಮಗೆ ಈಗ ಬಂದಿದೆ. ಹೇಳುವ ವಯಸ್ಸು ಅವರಿಗೆ ದಾಟುತ್ತಿದೆ.

ಆದ್ದರಿಂದ ಆಟವನ್ನು ಲ್ಯಾಬಿನಿಂದ ತೆಗೆಯಬಾರದೆಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ. ಜೊತೆಗೆ ಮೂರು ಸಲಹೆಗಳನ್ನೂ ಒಪ್ಪಿಸುತ್ತೇನೆ. ಮೊದಲನೆಯದು: ಆಟಕ್ಕೆ ಮಧ್ಯಾಹ್ನದ ಬಿಡುವು ಮಾತ್ರ, ಒಂದು ಯಂತ್ರ ಮಾತ್ರ, ಅರ್ಜಿಯವರೋ ಪಾಠದ ಕೆಲಸದವರೋ ಬಂದರೆ ಆಡುವವರು ಎದ್ದು ಜಾಗ ಬಿಡಬೇಕು. ಎರಡನೆಯದು: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಫೋಟೋ ತರಲಿ, ಗುಡಿಯೇ ಆಗಬೇಕೆಂದಿಲ್ಲ, ಆಲೆಮನೆ, ನಾಲೆ, ಸಂತೆ, ಮಸೀದಿ, ಅರಳಿಕಟ್ಟೆ ಏನಾದರೂ ಆಗಲಿ. ಚರಿತ್ರೆಯ ವಿಭಾಗದವರು 1792ರ, 1799ರ, 1956ರ ನಕ್ಷೆಗಳನ್ನೂ ಕೊಡಲಿ. ಸ್ಪಿಲ್ಸ್‌ಬರಿ ಮಕ್ಕಳಿಗೆ ಮಾಡಿದ್ದನ್ನು ನಾವು ನಮಗೆ ಮಾಡಿಕೊಳ್ಳೋಣ. ಮೂರನೆಯದು: ಜೋಡಿಸಿ ಮುಗಿದ ಪ್ರತಿಯೊಂದು ಚಿತ್ರವನ್ನೂ ಅದನ್ನು ತಂದವರು ಮನೆಗೆ ಒಯ್ದು ಹಿರಿಯರೊಬ್ಬರಿಗೆ ತೋರಿಸಿ, ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆದು ತರಲಿ. ಆ ಪುಟಗಳನ್ನು ಗ್ರಂಥಾಲಯದಲ್ಲಿ ಒಂದು ಕಟ್ಟಾಗಿ ಇಡೋಣ. ಖರ್ಚೇನೂ ಇಲ್ಲ, ಕಾಗದ, ಶಾಯಿ, ಒಂದು ಸಂಜೆ.

ನಮ್ಮನ್ನು ಕಂಡು ನಕ್ಕ ಅಧ್ಯಾಪಕರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅವರು ನಗದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಮೊನ್ನೆ ಅವರು ಮತ್ತೆ ಆ ದಾರಿಯಾಗಿ ಬಂದರು. ಅಂದು ಮೇಜಿನ ಮೇಲೆ ಇದ್ದದ್ದು ಅವರ ಊರ ಕಡೆಯ ಕೆರೆಯೊಂದರ ಚಿತ್ರವೆಂದು ನಮಗೆ ತಿಳಿದಿರಲಿಲ್ಲ. ಹಿಂದೆ ನಿಂತು ನೋಡಿ, “ಆ ತುಂಡು ಅಲ್ಲಿ ಬರುವುದಿಲ್ಲ, ತೂಬು ಇನ್ನೂ ಎಡಕ್ಕಿದೆ” ಎಂದರು. ಕುರ್ಚಿ ಎಳೆದು ಕೊಟ್ಟೆವು. ಗಂಟೆ ಹೊಡೆಯುವವರೆಗೆ ಕುಳಿತಿದ್ದರು.